ಹಿಂದಿನ ಮೆಟ್ಟಿಲಿನ ಬೀಗ

ಪುಣೆಯಲ್ಲಿ ಮಗುವಿಗೆ ಶಾಲೆ ಹುಡುಕುವಾಗ ನಾವು ಏನೆಲ್ಲ ಕೇಳುತ್ತೇವೆ: ಫೀಸು ಎಷ್ಟು, ಸಿಬಿಎಸ್‌ಇಯೋ ಸ್ಟೇಟ್ ಬೋರ್ಡೋ, ಬಸ್ಸು ವಾಕಡ್‌ಗೆ ಬರುತ್ತದೋ ಇಲ್ಲವೋ. ಹಿಂದಿನ ಮೆಟ್ಟಿಲು ಎಲ್ಲಿದೆ ಎಂದು ಕೇಳಿದವರನ್ನು ಕಂಡಿಲ್ಲ. ನಾನೂ ಕೇಳಿರಲಿಲ್ಲ. ಮಗಳ ಶಾಲೆಯ ಮೂರನೇ ಮಹಡಿಯಲ್ಲಿ ಆ ಮೆಟ್ಟಿಲಿನ ಜಾಲರಿ ಬಾಗಿಲಿಗೆ ಬೀಗ ಬಿದ್ದಿತ್ತು. ಕೀಲಿ? ವಾಚ್‌ಮನ್ ಹತ್ತಿರ. ವಾಚ್‌ಮನ್? ಚಹಾಕ್ಕೆ ಹೋಗಿದ್ದ.

ಕಾನೂನು ಇಲ್ಲವೆಂದಲ್ಲ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯಂತೆ ಪ್ರತಿ ಜನವರಿ, ಜುಲೈಯಲ್ಲಿ ಕಟ್ಟಡದ ಮಾಲೀಕರು ಉಪಕರಣಗಳು ಸುಸ್ಥಿತಿಯಲ್ಲಿವೆ ಎಂಬ ಪ್ರಮಾಣಪತ್ರ ಸಲ್ಲಿಸಬೇಕು. ಬರೆದುಕೊಡುವುದು ಲೈಸೆನ್ಸ್ ಇರುವ ಏಜೆನ್ಸಿ. ಅದನ್ನು ಗೊತ್ತು ಮಾಡುವವರು ಅದೇ ಮಾಲೀಕರು! ಪಂಪು, ಪೈಪುಗಳ ಲೆಕ್ಕ ಸಿಗುತ್ತದೆ. ಒಂದನೇ ಕ್ಲಾಸಿನ ಮಕ್ಕಳು ಎಷ್ಟು ನಿಮಿಷದಲ್ಲಿ ಅಂಗಳಕ್ಕೆ ಇಳಿದರು ಎಂಬ ಲೆಕ್ಕ ಸಿಗುವುದಿಲ್ಲ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನಲ್ಲಿ ಅಡುಗೆಕೋಣೆಯ ಬೆಂಕಿ ಶಾಲೆಯ ಗರಿ ಚಾವಣಿಗೆ ಹತ್ತಿ 94 ಮಕ್ಕಳು ಸತ್ತರು. ಸಿಬ್ಬಂದಿಗೆ ತರಬೇತಿ ಕೊಡಿ ಎಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳ ಶಾಲೆಗಳಿಗೆ ಹೇಳಿದ್ದು 2009ರಲ್ಲಿ.

ವಿಧಾನಸಭೆ ಕಾಯ್ದೆಗೆ ಎರಡು ಸಾಲು ಸೇರಿಸಲಿ. ಅದೇ ಜನವರಿ, ಜುಲೈಯಲ್ಲಿ ಮುನ್ಸೂಚನೆ ಇಲ್ಲದೆ, ಅಗ್ನಿಶಾಮಕ ದಳದವರ ಎದುರೇ ಶಾಲೆ ಖಾಲಿ ಮಾಡಿಸಬೇಕು. ಹಿಡಿದ ಸಮಯವನ್ನು ಗೇಟಿಗೆ ಅಂಟಿಸಬೇಕು. ‘ಮಕ್ಕಳು ಹೆದರುತ್ತಾರೆ’ ಎನ್ನುತ್ತಾರೆ ಶಾಲೆಯವರು. ಗ್ಯಾದರಿಂಗ್‌ಗೆಂದು ತಿಂಗಳಿಡೀ ಡಾನ್ಸ್ ಕಲಿಸುವವರಿಗೆ ಮೆಟ್ಟಿಲಿಳಿಯುವುದನ್ನು ಕಲಿಸಲಾಗದೇ?

ನಮಗೋ, ಇಲ್ಲಿ ವೋಟಿಲ್ಲ, ಮರಾಠಿ ಸರಿಯಾಗಿ ಬರದು ಎಂಬ ನೆವ. ಮಕ್ಕಳು ಮಾತ್ರ ಇಲ್ಲೇ ಕೂತಿದ್ದಾರೆ, ಅದೇ ಮೂರನೇ ಮಹಡಿಯಲ್ಲಿ.