ಚಿತ್ರ ಬರೆದವನು ಮಾರಬಾರದೇ?

ಚಿತ್ರಕಲೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಯು ತಾನು ಬರೆದ ಚಿತ್ರವನ್ನು ಅಚ್ಚು ಹಾಕಿಸಿ, ಶುಭಾಶಯಪತ್ರವನ್ನಾಗಿಯೋ ಕ್ಯಾಲೆಂಡರನ್ನಾಗಿಯೋ ಮಾಡಿ ಮಾರಲು ಹೊರಟರೆ, "ವಿದ್ಯೆ ಮುಗಿಯುವ ಮೊದಲೇ ವ್ಯಾಪಾರವೇ?" ಎಂದು ಹಿರಿಯರು ಹುಬ್ಬು ಗಂಟಿಕ್ಕುವುದುಂಟು. ಸರಸ್ವತಿಯನ್ನು ಸಂತೆಗೆ ತರಬಾರದೆಂಬುದು ಅವರ ಭಾವನೆ. ಅದು ಗೌರವಾರ್ಹವಾದರೂ ಪೂರ್ಣವಾಗಿ ನ್ಯಾಯವಾದುದೆಂದು ನಮಗೆ ತೋರುವುದಿಲ್ಲ. ಕಲ್ಕತ್ತೆಯ, ಎಂದರೆ ಇಂದಿನ ಕೋಲ್ಕತದ, ಇತಿಹಾಸವೇ ಇದಕ್ಕೆ ಸಾಕ್ಷಿ.

ಆ ನಗರದ ಕಲಾಶಾಲೆಯು 1854ರಲ್ಲಿ ಸ್ಥಾಪಿತವಾಯಿತು. ಅಲ್ಲಿಯ ಅಧ್ಯಾಪಕರಾದ ಅನ್ನದಾಪ್ರಸಾದ ಬಾಗಚಿಯವರು ತಮ್ಮ ನಾಲ್ವರು ಶಿಷ್ಯರೊಡನೆ 1878ರಲ್ಲಿ ಬೌಬಜಾರಿನಲ್ಲಿ 'ಕಲ್ಕತ್ತಾ ಆರ್ಟ್ ಸ್ಟುಡಿಯೋ' ಎಂಬ ಸಂಸ್ಥೆಯನ್ನು ತೆರೆದು, ದೇವದೇವತೆಯರ ಚಿತ್ರಗಳನ್ನು ಕಲ್ಲಚ್ಚಿನಲ್ಲಿ ಮುದ್ರಿಸಿ ಮಾರಿದರು. ಕಲ್ಲಿನ ಮೇಲೆ ನೇರವಾಗಿ ಬರೆಯುವ ಚಿತ್ರವನ್ನು ಎಡಬಲ ತಿರುಗಿಸಿಯೇ ಬರೆಯಬೇಕು; ತಪ್ಪಿದ ಗೆರೆಯನ್ನು ತಿದ್ದುವುದು ಸುಲಭವಲ್ಲ. ಶಾಲೆಯಲ್ಲಿ ಕಲಿತ ಗೆರೆಗೆ ಅಲ್ಲಿ ನಿಜವಾದ ಪರೀಕ್ಷೆ ಒದಗಿತು. ಒಂದೇ ಕಲ್ಲಿನಿಂದ ಅನೇಕ ಪ್ರತಿಗಳು ಹೊರಟು, ಸಾಮಾನ್ಯರ ಮನೆಯ ಗೋಡೆಗೂ ಚಿತ್ರವು ದೊರೆಯಿತು.

ಆದರೆ ನಾಣ್ಯದ ಇನ್ನೊಂದು ಮುಖವನ್ನೂ ಮರೆಯಲಾಗದು. ಅದೇ ನಗರದ ಕಾಳೀಘಾಟ್ ದೇವಾಲಯದ ಬಳಿ ಪಟುವಾ ಎಂಬ ಚಿತ್ರಗಾರರು ಕೈಯಿಂದಲೇ ಬರೆದ ಪಟಗಳನ್ನು ಯಾತ್ರಿಕರಿಗೆ ಅಗ್ಗವಾಗಿ ಮಾರಿ ಬದುಕುತ್ತಿದ್ದರು. ಊರಿನ ಅಚ್ಚಿನ ಚಿತ್ರಗಳೂ ಜರ್ಮನಿಯಿಂದ ಬಂದ ಬಣ್ಣದ ಚಿತ್ರಗಳೂ ಅವರ ಗಿರಾಕಿಗಳನ್ನು ಸೆಳೆದುಕೊಂಡವು; ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಆ ಕಸುಬು ಕ್ಷೀಣಿಸಿತು. ಒಬ್ಬನ ಮಾರಾಟವು ಇನ್ನೊಬ್ಬನ ಅನ್ನವನ್ನು ಮುಟ್ಟಬಲ್ಲುದೆಂಬ ಎಚ್ಚರವೂ ನಮಗಿರಬೇಕು.

ಅದೇ ಕಲಾಶಾಲೆಯಲ್ಲಿ ಕಲಿತ ಜಾಮಿನಿ ರಾಯ್ ಅವರು ಈ ಪಟಗಳ ದಿಟ್ಟ ಗೆರೆಯನ್ನು ತಮ್ಮದಾಗಿಸಿಕೊಂಡು, ಸಾಮಾನ್ಯರೂ ಕೊಳ್ಳಬಲ್ಲ ಬೆಲೆಗೆ ಚಿತ್ರಗಳನ್ನು ಮಾರಿದರು. ಇದರಿಂದ ಅವರ ಕೀರ್ತಿಯು ಕುಂದಲಿಲ್ಲ. ಮೈಸೂರಿನಿಂದ ಅಲ್ಲಿಗೆ ಹೋಗಿ ಅವನೀಂದ್ರನಾಥ ಠಾಕೂರರಲ್ಲಿ ಕಲಿತ ನಮ್ಮ ಕೆ. ವೆಂಕಟಪ್ಪನವರ ಚಿತ್ರಗಳು, ಭಗಿನಿ ನಿವೇದಿತಾ ಹಾಗೂ ಆನಂದ ಕುಮಾರಸ್ವಾಮಿಯವರ ಪುರಾಣಕಥಾಗ್ರಂಥದಲ್ಲಿ 1913ರಲ್ಲಿ ಅಚ್ಚಾದವು. ಆಗ ಅವರಿನ್ನೂ ಕಲಿಯುತ್ತಿದ್ದರು. ಕಲ್ಕತ್ತೆಯಿಂದ ಕೆಲವು ಗಂಟೆಗಳ ರೈಲು ಪ್ರಯಾಣದಷ್ಟು ದೂರವಿರುವ ಶಾಂತಿನಿಕೇತನದ ಕಲಾಭವನದಲ್ಲಿ, ನಂದಲಾಲ ಬಸುರವರ ಜನ್ಮದಿನಕ್ಕೆ ಮುನ್ನ ನಡೆಸುವ 'ನಂದನ ಮೇಳ'ವೂ ಗಮನಾರ್ಹ. ಗುರುಶಿಷ್ಯರು ಕೂಡಿ ತಯಾರಿಸಿದ ವಸ್ತುಗಳನ್ನು ಅಲ್ಲಿ ಮಾರಿ, ಬಂದ ಹಣವನ್ನು ವಿದ್ಯಾರ್ಥಿಗಳ ಸಹಾಯನಿಧಿಗೆ ಸಲ್ಲಿಸುತ್ತಾರೆ. ಇಂಥ ಮಾರಾಟವನ್ನು ಹೀನವೆನ್ನಲು ಯಾರಿಗೆ ಮನಸ್ಸಾದೀತು?

ಆದುದರಿಂದ ಮಾರುವುದು ದೋಷವಲ್ಲ. ಮಾರುವ ರೀತಿಯಲ್ಲಿ ದೋಷವಿರಬಹುದು. ಪರರ ಚಿತ್ರವನ್ನು ನಕಲುಮಾಡಿ ತನ್ನದೆಂದು ಮಾರುವುದು ಕಳವು. ಗಣಕಯಂತ್ರದ ಈ ಕಾಲದಲ್ಲಿ ಅದು ಬಹಳ ಸುಲಭವಾದ ಕಳವು. ಕಾಗದ, ಬಣ್ಣ, ಅಚ್ಚಿನ ಕೂಲಿಗಳೊಡನೆ ತನ್ನ ದುಡಿಮೆಯ ಹೊತ್ತನ್ನೂ ಲೆಕ್ಕಕ್ಕೆ ಹಿಡಿದು ಬೆಲೆಯಿಡುವುದು ನ್ಯಾಯ. ಒಮ್ಮೆ ಚೆನ್ನಾಗಿ ಮಾರಾಟವಾದ ಚಿತ್ರವನ್ನೇ ಬರೆಯುತ್ತ ಕುಳಿತರೆ ಕೈ ಬೆಳೆಯದು. ಗಿರಾಕಿಯು ಗುರುವಿನ ಪೀಠವನ್ನೇರಬಾರದು.

ವಿದ್ಯಾರ್ಥಿಮಿತ್ರರೇ, ಕೊಳ್ಳುವವರಾದ ನಮಗೂ ಒಂದು ಕರ್ತವ್ಯವಿದೆ. ಅಂಗಡಿಯ ಕಾರ್ಡಿಗೆ ಚೌಕಾಸಿಯಿಲ್ಲದೆ ಹಣ ತೆರುವ ನಾವು, ಸಹಪಾಠಿಯ ಚಿತ್ರವನ್ನು "ಗೆಳೆಯನಲ್ಲವೇ" ಎಂದು ಪುಕ್ಕಟೆಯಾಗಿ ಬೇಡುತ್ತೇವೆ. ಮುಂದಿನ ಸಲ ಆ ಕೈ ನೀಡುವ ಮುನ್ನ ಅದರಲ್ಲಿ ಹತ್ತು ರೂಪಾಯಿ ಇರಲಿ. ಅದು ಭಿಕ್ಷೆಯಲ್ಲ, ಬಹುಮಾನವೂ ಅಲ್ಲ. ದುಡಿಮೆಗೆ ಸಲ್ಲಬೇಕಾದ ಋಣ.