ಕಸ ಹುಟ್ಟುವ ಮೊದಲೇ ಯೋಚಿಸೋಣ

ಮಕ್ಕಳೇ, ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ಅನ್ನು ಜಾಗತಿಕ ಪಿಡುಗು ಎಂದು ಸಾರಿತು. ಆಗ ನೀವು ತೀರ ಚಿಕ್ಕವರು. ಆದರೂ ಮಾಸ್ಕ್ ಧರಿಸಿದ ಮುಖಗಳು ನಿಮಗೆ ನೆನಪಿರಬಹುದು. ಮಾಸ್ಕ್, ಕೈಗವಸು, ಗೌನು, ಕಣ್ಣಿಗೆ ಹಾಕುವ ಗಾಗಲ್ಸ್ ಇವೆಲ್ಲವನ್ನೂ ಸೇರಿಸಿ ‘ವೈಯಕ್ತಿಕ ರಕ್ಷಣಾ ಸಾಧನಗಳು’ ಎನ್ನುತ್ತಾರೆ. ಇವು ಅನೇಕ ಜೀವಗಳನ್ನು ಉಳಿಸಿದವು. ಬಳಸಿದ ಮೇಲೆ ಇವು ಎಲ್ಲಿಗೆ ಹೋದವು?

2020ರ ಮಾರ್ಚ್‌ನಿಂದ 2021ರ ನವೆಂಬರ್‌ವರೆಗೆ ವಿಶ್ವಸಂಸ್ಥೆಯ ಒಂದು ಯೋಜನೆಯ ಮೂಲಕ ಕೊಂಡ ಇಂಥ ಸಾಧನಗಳ ತೂಕವೇ ಸುಮಾರು 87,000 ಟನ್! ಒಂದು ಲಾರಿಗೆ 10 ಟನ್‌ನಂತೆ 8,700 ಲಾರಿ ಲೋಡು. ಜನರು ಅಂಗಡಿಗಳಲ್ಲಿ ಕೊಂಡ ಮಾಸ್ಕ್‌ಗಳು ಈ ಲೆಕ್ಕದಲ್ಲಿ ಇಲ್ಲ.

‘ರೋಗ ಬಂದಾಗ ಜೀವ ಮುಖ್ಯ, ಕಸದ ಚಿಂತೆ ಆಮೇಲೆ’ ಎನ್ನುವವರಿದ್ದಾರೆ. ಜೀವ ಮುಖ್ಯ ಎಂಬ ಮಾತನ್ನು ನಾನೂ ಒಪ್ಪುತ್ತೇನೆ. ಆದರೆ ಬೀದಿಗೆ ಬಿದ್ದ ಮಾಸ್ಕನ್ನು ಎತ್ತುವವರು ಪೌರಕಾರ್ಮಿಕರು. ಅವರದೂ ಜೀವವೇ ಅಲ್ಲವೇ? ಆದ್ದರಿಂದ ಕಸ ಕಡಿಮೆ ಮಾಡುವುದೂ ರಕ್ಷಣೆಯ ಕೆಲಸವೇ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಕಡಿಮೆ ಮಾಡುವುದು ಹೇಗೆ? ಮೊದಲು, ಬೇಕಾದಲ್ಲಿ ಮಾತ್ರ ಬಳಸಬೇಕು. ಲಸಿಕೆ ಚುಚ್ಚುವವರು ಪ್ರತಿ ಸಲವೂ ಕೈಗಳನ್ನು ಶುಚಿ ಮಾಡಿಕೊಂಡರೆ ಸಾಮಾನ್ಯವಾಗಿ ಕೈಗವಸು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದರೂ ಎಷ್ಟೋ ಕಡೆ ಕೈಗವಸುಗಳನ್ನು ಬಳಸಿ ಎಸೆದರು. ಒಂದೇ ಕೈಗವಸಿನಿಂದ ಹಲವರನ್ನು ಮುಟ್ಟಿದರೆ ರೋಗಾಣು ಒಬ್ಬರಿಂದ ಇನ್ನೊಬ್ಬರಿಗೆ ಹೋಗಬಹುದು. ಇಲ್ಲಿ ಸಾಬೂನು, ನೀರೇ ಮೇಲು.

ಎರಡನೆಯದು, ತೊಳೆಯಬಹುದಾದುದನ್ನು ತೊಳೆದು ಬಳಸುವುದು. 2020ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರವು ಆರೋಗ್ಯವಂತರಿಗೆ ಮನೆಯಲ್ಲೇ ಹೊಲಿದ ಬಟ್ಟೆಯ ಮಾಸ್ಕ್ ಸಾಕು ಎಂದು ಸಲಹೆ ನೀಡಿತು. ಸ್ವಸಹಾಯ ಸಂಘಗಳ ಮಹಿಳೆಯರು ಇಂಥ ಮಾಸ್ಕ್‌ಗಳನ್ನು ಹೊಲಿದುಕೊಟ್ಟರು. ಇವು ಎನ್-95 ಮಾಸ್ಕ್‌ನಷ್ಟು ರಕ್ಷಣೆ ಕೊಡುವುದಿಲ್ಲ ನಿಜ. ಅದಕ್ಕೇ ರೋಗಿಗಳ ಬಳಿ ದುಡಿಯುವವರಿಗೆ ಎನ್-95 ಬೇಕು.

ಎನ್-95 ಅನ್ನೂ ಸಾಬೂನಿನಿಂದ ತೊಳೆಯಬಹುದೇ? ಬೇಡ! ಒಣಗಿದ ತಲೆಗೂದಲಿಗೆ ಬಾಚಣಿಗೆಯನ್ನು ಉಜ್ಜಿ ಕಾಗದದ ಚೂರುಗಳ ಹತ್ತಿರ ಹಿಡಿಯಿರಿ. ಚೂರುಗಳು ಬಾಚಣಿಗೆಗೆ ಅಂಟುತ್ತವೆ. ಎನ್-95ರ ಒಳಪದರದ ಪಾಲಿಪ್ರೊಪಿಲೀನ್ ಎಳೆಗಳಲ್ಲೂ ಇಂಥದೇ ವಿದ್ಯುದಾವೇಶ ಇದೆ. ಅದು ಸೂಕ್ಷ್ಮ ಕಣಗಳನ್ನು ಸೆಳೆದು ಹಿಡಿಯುತ್ತದೆ. ಸಾಬೂನು ತಗುಲಿದರೆ ಆ ಶಕ್ತಿ ಕುಂದುತ್ತದೆ. ಈ ವಸ್ತುವನ್ನು ರೂಪಿಸಿದ ವಿಜ್ಞಾನಿ ಪೀಟರ್ ತ್ಸೈ, 2020ರಲ್ಲಿ ಮಾಸ್ಕ್‌ಗಳ ಕೊರತೆ ಉಂಟಾದಾಗ, ನಿವೃತ್ತರಾಗಿದ್ದರೂ ಮತ್ತೆ ಪ್ರಯೋಗಕ್ಕಿಳಿದರು. ಆವೇಶ ಕೆಡದಂತೆ ಒಣ ಶಾಖದಿಂದ ಮಾಸ್ಕ್ ಶುದ್ಧೀಕರಿಸುವಂಥ ವಿಧಾನಗಳನ್ನು ಪರೀಕ್ಷಿಸಿದರು. ಇದು ತಜ್ಞರ ಕೆಲಸ, ಮನೆಯಲ್ಲಿ ಮಾಡುವಂಥದ್ದಲ್ಲ.

ಮೂರನೆಯದು, ಬೇರ್ಪಡಿಸುವುದು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2020ರಲ್ಲಿ ಹೊರಡಿಸಿದ ಸೂಚನೆಯಂತೆ, ಕೋವಿಡ್ ವಾರ್ಡಿನ ಗಾಗಲ್ಸ್, ಮುಖಕವಚ, ಕೈಗವಸುಗಳು ಕೆಂಪು ಚೀಲಕ್ಕೆ ಹೋಗಬೇಕಿತ್ತು. ಅವುಗಳನ್ನು ರೋಗಾಣುಮುಕ್ತಗೊಳಿಸಿ ಮರುಬಳಕೆಯ ಪ್ಲಾಸ್ಟಿಕ್ ಮಾಡಬಹುದು. ಮಾಸ್ಕ್‌ಗಳು ಹಳದಿ ಚೀಲಕ್ಕೆ, ಅಲ್ಲಿಂದ ದಹನಕ್ಕೆ. ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿದರೆ ಮರುಬಳಕೆಯ ದಾರಿಯೇ ಮುಚ್ಚುತ್ತದೆ. ಸೋಂಕಿಲ್ಲದ ಮನೆಗಳವರು ಬಳಸಿದ ಮಾಸ್ಕನ್ನು 72 ಗಂಟೆ ಕಾಗದದ ಚೀಲದಲ್ಲಿಟ್ಟು, ಯಾರೂ ಮತ್ತೆ ಬಳಸದಂತೆ ಕತ್ತರಿಸಿ ವಿಲೇವಾರಿ ಮಾಡಬೇಕೆಂದೂ ಮಂಡಳಿ ತಿಳಿಸಿತ್ತು.

ಇನ್ನೊಂದು ಪಿಡುಗು ಎಂದು ಬಂದೀತೋ ಹೇಳಲಾಗದು. ಗಾಬರಿಯಲ್ಲಿ ಯೋಚಿಸುವುದು ಕಷ್ಟ, ಈಗ ಸುಲಭ. ಪ್ರತಿ ಶಾಲೆಯ ವಿಜ್ಞಾನ ಸಂಘವೂ ಯಾರಿಗೆ ಯಾವ ಮಾಸ್ಕ್, ಎಲ್ಲಿ ಕೈಗವಸು, ಬಳಸಿದ್ದು ಯಾವ ಬುಟ್ಟಿಗೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆದಿಡಬೇಕು. ನಿಮ್ಮೂರಿನ ಆರೋಗ್ಯ ಕೇಂದ್ರಕ್ಕೆ ಶಿಕ್ಷಕರೊಡನೆ ಹೋಗಿ, ಅಲ್ಲಿನ ಬಣ್ಣಬಣ್ಣದ ಬುಟ್ಟಿಗಳ ಬಗ್ಗೆ ಸಿಬ್ಬಂದಿಯನ್ನು ಕೇಳಿ. ಬುಟ್ಟಿಗಳನ್ನು ಮಾತ್ರ ಮುಟ್ಟಬೇಡಿ!