ಗೊರಕೆಯನ್ನು ನಗೆಯಲ್ಲಿ ತೇಲಿಸಬೇಡಿ

ಮನೆಯವರು ಜೋರಾಗಿ ಗೊರಕೆ ಹೊಡೆದರೆ ‘ಒಳ್ಳೆಯ ನಿದ್ದೆ’ ಎಂದು ನಗುತ್ತೇವೆ. ಆದರೆ ಗೊರಕೆ ನಡುವೆ ನಿಂತು, ಉಸಿರು ಕಟ್ಟಿ, ಏದುಸಿರಿನೊಂದಿಗೆ ಎಚ್ಚರವಾಗುತ್ತಿದ್ದರೆ ಅದು ಸ್ಲೀಪ್ ಆಪ್ನಿಯಾ ಇರಬಹುದು. ನಿದ್ದೆಯಲ್ಲಿ ಗಂಟಲು ಸಡಿಲಗೊಂಡು ಉಸಿರಿನ ದಾರಿ ಮುಚ್ಚುತ್ತದೆ. ಹೀಗೆ 10 ಸೆಕೆಂಡಾದರೂ ಉಸಿರು ನಿಲ್ಲುವುದು ಅಥವಾ ಕುಗ್ಗುವುದು ಗಂಟೆಗೆ 15 ದಾಟಿದರೆ ಮಧ್ಯಮ, 30 ದಾಟಿದರೆ ತೀವ್ರ.

ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವವರ ಕೈಯಲ್ಲಿ ಸಕ್ಕರೆ ಕಾಯಿಲೆಗೊಂದು ಚೀಟಿ, ಬಿ.ಪಿ.ಗೊಂದು, ಥೈರಾಯ್ಡ್‌ಗೊಂದು. ನಿದ್ದೆಯ ಬಗ್ಗೆ ಯಾವ ಚೀಟಿಯಲ್ಲೂ ಒಂದು ಸಾಲಿಲ್ಲ. ಇದು ಸರಿಯಲ್ಲ. ಉಸಿರು ನಿಂತಾಗಲೆಲ್ಲ ರಕ್ತದ ಆಮ್ಲಜನಕ ಇಳಿಯುತ್ತದೆ, ಬಿ.ಪಿ. ಏರುತ್ತದೆ, ಸಕ್ಕರೆಯ ಹತೋಟಿಯೂ ಕಷ್ಟವಾಗುತ್ತದೆ. ಮಾತ್ರೆ ಹೆಚ್ಚಿಸಿದರೂ ಬಿ.ಪಿ. ಇಳಿಯದಿದ್ದರೆ, ಬೆಳಿಗ್ಗೆ ತಲೆನೋವು, ರಾತ್ರಿ ಪದೇ ಪದೇ ಮೂತ್ರ, ಹಗಲು ತೂಕಡಿಕೆ ಇದ್ದರೆ ನಿದ್ದೆಯ ಪರೀಕ್ಷೆ ಮಾಡಿಸಿ. ತೂಕಡಿಸುತ್ತಾ ಬೈಕ್ ಓಡಿಸಬೇಡಿ.

ಸಿಪ್ಯಾಪ್ ಯಂತ್ರ ಗಾಳಿಯ ಒತ್ತಡದಿಂದ ಗಂಟಲನ್ನು ತೆರೆದಿಡುತ್ತದೆ. 1981ರಲ್ಲಿ ಸಿಡ್ನಿಯ ಕಾಲಿನ್ ಸಲಿವನ್ ಮತ್ತು ಸಂಗಡಿಗರು ಇದನ್ನು ಜಗತ್ತಿಗೆ ತಿಳಿಸಿದರು. ತಂದ ವಾರದಲ್ಲೇ ಹಲವರು ಅದನ್ನು ಅಟ್ಟಕ್ಕೇರಿಸುತ್ತಾರೆ. ಮಾಸ್ಕ್ ಒತ್ತಿದರೆ ಅಳತೆ ಬದಲಿಸಿ. ಮೂಗು ಒಣಗಿದರೆ ತೇವ ಕೊಡುವ ಭಾಗ ಜೋಡಿಸಿ. ಮೊದಲು ಹಗಲು ಎಚ್ಚರವಿದ್ದಾಗಲೇ ಅರ್ಧ ಗಂಟೆ ಹಾಕಿಕೊಂಡು ರೂಢಿ ಮಾಡಿ. ರಾತ್ರಿ ಪಾಳಿಯವರು ಹಗಲು ಮಲಗುವಾಗಲೂ, ರಂಝಾನಿನಲ್ಲಿ ಸಹ್ರಿಯ ನಂತರದ ನಿದ್ದೆಗೂ ಅದು ಬೇಕು.

ಯುನಾನಿಯಲ್ಲಿ ನಿದ್ದೆ ಮತ್ತು ಎಚ್ಚರ ಆರೋಗ್ಯದ ಆರು ಅನಿವಾರ್ಯ ಆಧಾರಗಳಲ್ಲಿ ಒಂದು. ಆಹಾರ ಮತ್ತು ನಡಿಗೆಯಿಂದ ತೂಕ ಇಳಿಸಲು ನಾವು ನೆರವಾಗಬಲ್ಲೆವು. ಆದರೆ ಮುಚ್ಚುವ ಗಂಟಲನ್ನು ರಾತ್ರಿಯಿಡೀ ತೆರೆದಿಡುವ ಮಾಜೂನ್ ಇಲ್ಲ. ಯಂತ್ರ ಬಿಟ್ಟು ಔಷಧಿ ಕೊಡಿ ಎಂದರೆ ಯಾವ ಹಕೀಮರೂ ಒಪ್ಪಬಾರದು. ನಿದ್ದೆ ಬರಿಸುವ ಔಷಧಿ ಯಾವ ಪದ್ಧತಿಯದಾದರೂ ಕೇಳದೆ ನುಂಗಬೇಡಿ. ಕೆಲವು ಉಸಿರನ್ನು ಇನ್ನಷ್ಟು ಕುಗ್ಗಿಸುತ್ತವೆ. ತೂಕ ಇಳಿದಾಗ ಸಕ್ಕರೆ, ಬಿ.ಪಿ. ಮಾತ್ರೆಗಳನ್ನು ಕಡಿಮೆ ಮಾಡಬೇಕಾಗಬಹುದು. ಅದನ್ನು ನೀವೇ ನಿರ್ಧರಿಸಬೇಡಿ.

ಸಹೋದರಿಯರೇ, ಈ ರೋಗಕ್ಕೆ ಮೊದಲ ಸಾಕ್ಷಿ ನೀವೇ. ಮಲಗಿದವರಿಗೆ ತಮ್ಮ ಉಸಿರು ನಿಂತದ್ದು ತಿಳಿಯದು. ಮೊಬೈಲಿನಲ್ಲಿ ಎರಡು ನಿಮಿಷ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಎಲ್ಲ ಚೀಟಿಗಳನ್ನೂ ಒಂದೇ ಫೈಲಿನಲ್ಲಿಟ್ಟು ಜೊತೆಯಲ್ಲಿ ಹೋಗಿ.